ಕಸದ ಬೆಟ್ಟ ಕುಸಿದ ಮೇಲೆ ಬರುವ ಕಾನೂನು

2017ರ ಮಾರ್ಚ್ 11ರಂದು ಇಥಿಯೋಪಿಯಾದ ರಾಜಧಾನಿ ಅಡಿಸ್ ಅಬಾಬಾದಲ್ಲಿ ಕೋಶೆ ಎಂಬ ಕಸದ ಬೆಟ್ಟ ಜರಿದು ನೂರಕ್ಕೂ ಹೆಚ್ಚು ಜನ ಸತ್ತರು. ಬೆಟ್ಟದ ಬುಡದಲ್ಲೇ ಮನೆ ಮಾಡಿಕೊಂಡು, ಅದರಲ್ಲೇ ಹೊಟ್ಟೆಪಾಡು ಹುಡುಕಿಕೊಂಡಿದ್ದವರು ಅವರು. ಸುಮಾರು ಒಂದು ತಿಂಗಳ ನಂತರ, ಏಪ್ರಿಲ್ 14ರಂದು, ಸಿಂಹಳ ಹೊಸ ವರ್ಷದ ದಿನವೇ ಕೊಲಂಬೊ ಬಳಿಯ ಮೀತೊಟಮುಲ್ಲದಲ್ಲಿ ಕಸದ ರಾಶಿ ಮನೆಗಳ ಮೇಲೆ ಬಿದ್ದು ಮೂವತ್ತಕ್ಕೂ ಹೆಚ್ಚು ಮಂದಿ ಅಸುನೀಗಿದರು. ಅದೇ ವರ್ಷ ಸೆಪ್ಟೆಂಬರ್ 1ರಂದು ದೆಹಲಿಯ ಗಾಜಿಪುರದಲ್ಲಿ ಕಸ ಜಾರಿ ರಸ್ತೆಯಲ್ಲಿ ಹೋಗುತ್ತಿದ್ದ ವಾಹನಗಳನ್ನು ಕಾಲುವೆಗೆ ತಳ್ಳಿತು, ಇಬ್ಬರು ಸತ್ತರು. 2024ರ ಆಗಸ್ಟ್‌ನಲ್ಲಿ ಉಗಾಂಡದ ಕಂಪಾಲಾ ಹೊರವಲಯದ ಕಿಟೀಜಿಯಲ್ಲಿ ಮತ್ತೆ ಮೂವತ್ತಕ್ಕೂ ಹೆಚ್ಚು ಜೀವಗಳು ಹೋದವು.

ಇಂಥ ಸುದ್ದಿ ಬಂದಾಗಲೆಲ್ಲ ಮಳೆಯನ್ನು ದೂರುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಮಳೆ ಮೊದಲೂ ಇತ್ತು. ಊಟದ ಎಂಜಲು, ತರಕಾರಿ ಸಿಪ್ಪೆ, ಪ್ಲಾಸ್ಟಿಕ್, ಗಾಜು, ಡಯಾಪರ್ ಎಲ್ಲವನ್ನೂ ಕಲಸಿ ವರ್ಷಗಟ್ಟಲೆ ಒಂದೇ ಕಡೆ ಪೇರಿಸಿದ್ದು ಮಾತ್ರ ಮನುಷ್ಯರು. ನಮ್ಮಂಥ ದೇಶಗಳ ಕಸದಲ್ಲಿ ಅರ್ಧದಷ್ಟು ಹಸಿ ಕಸವೇ ಇರುತ್ತದೆ. ಗಾಳಿಯಾಡದ ರಾಶಿಯೊಳಗೆ ಅದು ಕೊಳೆತು ಮೀಥೇನ್ ಹುಟ್ಟುತ್ತದೆ, ಕಪ್ಪು ನೀರು ಒಸರುತ್ತದೆ. ಬೇಸಿಗೆಯಲ್ಲಿ ಬೆಂಕಿ ಹೊತ್ತಿಕೊಳ್ಳಲು ಆ ಅನಿಲ ಸಾಕು. ಮಳೆಗಾಲದಲ್ಲಿ ನೆನೆದು ಭಾರವಾದ ರಾಶಿ ಜಾರಲು ಆ ನೀರು ಸಾಕು. ಹಸಿ ಕಸವನ್ನು ಮೊದಲೇ ಬೇರ್ಪಡಿಸಿ ಗೊಬ್ಬರ ಮಾಡಿದ್ದರೆ ಬೆಟ್ಟವೇ ಬೆಳೆಯುತ್ತಿರಲಿಲ್ಲ.

ಕೋಶೆಯ ಕಥೆಯಲ್ಲಿ ನನ್ನನ್ನು ಬಹಳ ಕಾಡುವ ಒಂದು ಸಂಗತಿಯಿದೆ. ಆ ಬೆಟ್ಟ ತುಂಬಿಹೋಯಿತೆಂದು ಸರ್ಕಾರ ನಗರದ ಹೊರಗಿನ ಸೆಂಡಾಫ ಎಂಬಲ್ಲಿ ಹೊಸ ಕಸದ ಜಾಗ ಮಾಡಿತ್ತು. ಅಲ್ಲಿನ ರೈತರು ನಮ್ಮ ಹೊಲ, ನೀರು ಹಾಳಾಗುತ್ತಿವೆ ಎಂದು ತಿರುಗಿ ನಿಂತರು. 2016ರಲ್ಲಿ ಕೆಲವೇ ತಿಂಗಳಲ್ಲಿ ಅದು ನಿಂತು, ಲಾರಿಗಳು ಮರಳಿ ಕೋಶೆಗೆ ಬಂದವು. ಮರುವರ್ಷವೇ ಬೆಟ್ಟ ಬಿತ್ತು. ಆ ರೈತರ ಮೇಲೆ ತಪ್ಪು ಹೊರಿಸಲು ನನಗೆ ಮನಸ್ಸಿಲ್ಲ. ನಗರದ ಎಂಜಲನ್ನು ಅವರು ಯಾಕೆ ಹೊರಬೇಕು?

ಬೆಂಗಳೂರಿನವರಿಗೆ ಈ ಕಥೆಯನ್ನು ಬಿಡಿಸಿ ಹೇಳಬೇಕಾಗಿಲ್ಲ. ಮಾವಳ್ಳಿಪುರದವರು ಸಾಕಪ್ಪಾ ಎಂದ ಮೇಲೆ 2012ರಲ್ಲಿ ಅಲ್ಲಿಗೆ ಹೋಗುವ ಲಾರಿಗಳು ನಿಂತವು, ನಗರದ ರಸ್ತೆಗಳೆಲ್ಲ ನಾರಿದವು. ಭಾರವೆಲ್ಲ ಮಂಡೂರಿನ ಮೇಲೆ ಬಿತ್ತು. 2014ರಲ್ಲಿ ಮಂಡೂರಿನ ಜನ ರಸ್ತೆಗಿಳಿದರು. ಆ ವರ್ಷದ ಕೊನೆಗೆ ಅಲ್ಲಿಯೂ ನಿಂತಿತು. ಆಮೇಲೆ ಬೆಳ್ಳಹಳ್ಳಿ, ಮಿಟ್ಟಗಾನಹಳ್ಳಿಯ ಕಲ್ಲು ಕ್ವಾರಿಗಳು. ಹೆಸರುಗಳನ್ನು ಗಮನಿಸಿ: ಎಲ್ಲವೂ ಹಳ್ಳಿಗಳೇ. ಕಸ ಹುಟ್ಟಿದ ಬಡಾವಣೆಯವರಿಗೆ ಅದರ ವಾಸನೆಯೂ ತಾಕುವುದಿಲ್ಲ, ಕೊಳವೆಬಾವಿ ಕೆಟ್ಟವರ ಅಳಲೂ ಕೇಳುವುದಿಲ್ಲ.

ಕಾನೂನು ಇಲ್ಲ ಎನ್ನುವ ಹಾಗೂ ಇಲ್ಲ. ಬೆಂಗಳೂರಿನವರೇ ಆದ ಅಲ್ಮಿತ್ರಾ ಪಟೇಲ್ 1996ರಲ್ಲಿ ಸುಪ್ರೀಂ ಕೋರ್ಟ್‌ಗೆ ಸಾರ್ವಜನಿಕ ಹಿತಾಸಕ್ತಿ ಅರ್ಜಿ ಹಾಕಿದರು. ಅದರ ಫಲವಾಗಿ 2000ದಲ್ಲಿ ಇಡೀ ದೇಶಕ್ಕೆ ನಗರ ಘನತ್ಯಾಜ್ಯ ನಿಯಮಗಳು ಬಂದವು. ಕಸ ಸಂಸ್ಕರಣಾ ಘಟಕಗಳನ್ನು 2003ರ ಡಿಸೆಂಬರ್ ಒಳಗೆ ಕಟ್ಟಬೇಕು ಎಂದು ಆ ನಿಯಮಗಳೇ ಗಡುವು ಹಾಕಿದ್ದವು. ಗಡುವು ದಾಟಿತು, ಯಾರ ಕುರ್ಚಿಯೂ ಅಲುಗಲಿಲ್ಲ. 2016ರಲ್ಲಿ ಹೊಸ ನಿಯಮ ಬಂತು. ಫಿಲಿಪ್ಪೀನ್ಸ್‌ನಲ್ಲಿ 2000ದ ಜುಲೈನಲ್ಲಿ ಪಯಟಾಸ್ ಕಸದ ಬೆಟ್ಟ ಕುಸಿದು ಇನ್ನೂರಕ್ಕೂ ಹೆಚ್ಚು ಜನ ಸತ್ತ ಮೇಲೆ, ಮರುವರ್ಷ ಜನವರಿಯಲ್ಲಿ ಒಳ್ಳೆಯ ಕಾನೂನೊಂದು ಬಂತು. ಆದರೂ ಪಯಟಾಸ್‌ಗೆ ಪೂರ್ತಿ ಬೀಗ ಬಿದ್ದದ್ದು 2017ರಲ್ಲಿ. ಇಂಡೋನೇಷ್ಯಾದಲ್ಲಿ 2005ರ ಫೆಬ್ರುವರಿಯಲ್ಲಿ ಬಾಂಡುಂಗ್ ಬಳಿ ನೂರನಲವತ್ತಕ್ಕೂ ಹೆಚ್ಚು ಜನ ಕಸದಡಿ ಸತ್ತರು, 2008ರಲ್ಲಿ ಕಾನೂನು ಬಂತು. ಬಡವರು ಸತ್ತ ಮೇಲೆ ಕಾನೂನು ಬರೆಯುವುದು, ಬರೆದ ಮೇಲೆ ಮರೆಯುವುದು: ನಮ್ಮ ದೇಶಗಳೆಲ್ಲ ಇದೊಂದರಲ್ಲಿ ಅಣ್ಣತಮ್ಮಂದಿರು.

ಮರೆವಿಗೆ ಕಾರಣ ಆಲಸ್ಯವೊಂದೇ ಎಂದು ನಾನು ನಂಬುವುದಿಲ್ಲ. ದುಡ್ಡಿನ ಲೆಕ್ಕ ನೋಡಿ. ಎಷ್ಟೋ ನಗರಗಳಲ್ಲಿ ಗುತ್ತಿಗೆದಾರನಿಗೆ ಸಿಗುವುದು ಟನ್ ಲೆಕ್ಕದ ಹಣ. ತೂಕ ಹೆಚ್ಚಿದಷ್ಟೂ ಬಿಲ್ ಹೆಚ್ಚು, ನೀರು ತುಂಬಿದ ಹಸಿ ಕಸಕ್ಕೆ ತೂಕ ಜಾಸ್ತಿ. ಹಸಿ ಕಸ ವಾರ್ಡಿನಲ್ಲೇ ಗೊಬ್ಬರವಾದರೆ ಅವನಿಗೆ ನಷ್ಟ. ಹೀಗಿರುವಾಗ ಮನೆಯಲ್ಲಿ ಎರಡು ಬಕೆಟ್ ಇಟ್ಟು ನಿಷ್ಠೆಯಿಂದ ಬೇರ್ಪಡಿಸಿದ ಗೃಹಿಣಿಯ ಕಣ್ಣೆದುರೇ ಆಟೋ ಟಿಪ್ಪರ್‌ನಲ್ಲಿ ಎರಡೂ ಒಂದಾಗುತ್ತವೆ. ಆಕೆಗೆ ಜಾಗೃತಿ ಪಾಠ ಹೇಳಲು ಮಾತ್ರ ನಮ್ಮಲ್ಲಿ ಬೇಕಾದಷ್ಟು ಜನರಿದ್ದಾರೆ. ಮೊದಲು ಬೆರೆಸಿ, ಆಮೇಲೆ ಬೇರ್ಪಡಿಸುವ ಯಂತ್ರಕ್ಕೆ ಕೋಟಿಗಟ್ಟಲೆ ಸುರಿಯುವುದು ಅಕ್ಕಿಗೆ ತಾವೇ ಕಲ್ಲು ಸುರಿದುಕೊಂಡು ಆರಿಸಲು ಕೂತ ಹಾಗೆ. ಕಸದಿಂದ ವಿದ್ಯುತ್ ಎಂಬ ಘೋಷಣೆಯ ತೊಡಕೂ ಇದೇ: ಒದ್ದೆ ಕಸ ಸರಿಯಾಗಿ ಉರಿಯುವುದಿಲ್ಲ.

ಈ ವ್ಯವಸ್ಥೆಯಲ್ಲಿ ನಿಜವಾಗಿ ಕಸ ಬೇರ್ಪಡಿಸುತ್ತಿರುವವರು ಚಿಂದಿ ಆಯುವವರು, ಗುಜರಿಯವರು. ಪಾಲಿಕೆಯಿಂದ ಸಂಬಳವಿಲ್ಲ, ಕೈಗವಸಿಲ್ಲ, ಆದರೂ ಟನ್‌ಗಟ್ಟಲೆ ಒಣ ಕಸವನ್ನು ಮರುಬಳಕೆಗೆ ಕಳಿಸುತ್ತಾರೆ. ಪುಣೆಯಲ್ಲಿ ‘ಸ್ವಚ್ಛ್’ ಎಂಬ ಸಹಕಾರ ಸಂಘವೇ ಅವರದ್ದು. ಮನೆಮನೆಗೆ ಹೋಗಿ ಕಸ ಪಡೆಯುತ್ತಾರೆ, ಮನೆಯವರು ತಿಂಗಳ ಶುಲ್ಕ ಕೊಡುತ್ತಾರೆ. ಬ್ರೆಜಿಲ್ 2010ರ ತನ್ನ ರಾಷ್ಟ್ರೀಯ ನೀತಿಯಲ್ಲೇ ಇಂಥ ಕೆಲಸಗಾರರಿಗೆ ಸ್ಥಾನ ಕೊಟ್ಟಿದೆ. ಬೆಂಗಳೂರಿನಲ್ಲೂ 2011ರಿಂದ ಪಾಲಿಕೆಯ ಗುರುತಿನ ಚೀಟಿ ಕೊಡಲಾಯಿತು, ಒಣ ಕಸ ಸಂಗ್ರಹ ಕೇಂದ್ರಗಳು ತೆರೆದವು, ಕೆಲವನ್ನು ಅವರೇ ನಡೆಸುತ್ತಿದ್ದಾರೆ. ಇದು ನಮ್ಮ ಊರಿನ ನಿಜವಾದ ಹೆಮ್ಮೆ. ದೊಡ್ಡ ಟೆಂಡರ್ ಬರೆಯುವಾಗ ಮಾತ್ರ ಇವರ ನೆನಪು ಯಾರಿಗೂ ಆಗುವುದಿಲ್ಲ.

ನನ್ನ ಒತ್ತಾಯ ಇಷ್ಟು. ಸಾಗಿಸಿದ ಟನ್‌ಗೆ ಹಣ ಕೊಡುವುದನ್ನು ನಿಲ್ಲಿಸಿ, ಕ್ವಾರಿಗೆ ಹೋಗದಂತೆ ಉಳಿಸಿದ ಟನ್‌ಗೆ ಕೊಡಿ. ಒಣ ಕಸ ಆಯ್ದವರಿಗೆ ಅದರಲ್ಲಿ ಪಾಲು ಕೊಡಿ. ಯಾವ ವಾರ್ಡಿನಿಂದ ಎಷ್ಟು ಮಿಶ್ರ ಕಸ ಯಾವ ಹಳ್ಳಿಗೆ ಹೋಯಿತು ಎಂಬ ತೂಕದ ಲೆಕ್ಕವನ್ನು ಪ್ರತಿ ತಿಂಗಳೂ ಪ್ರಕಟಿಸಿ, ಅದರ ಒಂದು ಪ್ರತಿಯನ್ನು ಆ ಹಳ್ಳಿಯ ಗ್ರಾಮ ಪಂಚಾಯಿತಿಯ ಗೋಡೆಗೂ ಅಂಟಿಸಿ.