ಸ್ಪಷ್ಟನೆ: ಅಲಾಯ್ ವೀಲ್ ಒಳಮೈಗೆ ಟಾಯ್ಲೆಟ್ ಕ್ಲೀನರ್ ಹಾಕಬೇಡಿ

ಚಕ್ರ ಬಿಚ್ಚಿ, ಒಳಮೈಯ ಕಪ್ಪು ಕರೆಗೆ ಟಾಯ್ಲೆಟ್ ಕ್ಲೀನರ್ ಸುರಿದು ಸ್ವಲ್ಪ ಹೊತ್ತು ಬಿಟ್ಟರೆ ಅಲಾಯ್ ಹೊಸದರಂತೆ ಆಗುತ್ತದೆ ಅನ್ನೋ ಸಲಹೆ ವಾಟ್ಸಾಪ್‌ನಲ್ಲಿ ಓಡಾಡುತ್ತಿದೆ. ದಯವಿಟ್ಟು ಮಾಡಬೇಡಿ. ಕರೆ ಹೋಗಬಹುದು, ಆದರೆ ಜೊತೆಗೆ ಲೋಹವೂ ಹೋಗುತ್ತದೆ.

ಇಂಥ ಬಹಳಷ್ಟು ಕ್ಲೀನರ್‌ಗಳಲ್ಲಿ ಇರುವುದು ಹೈಡ್ರೋಕ್ಲೋರಿಕ್ ಆಮ್ಲ. ಅಲಾಯ್ ವೀಲ್ ಅಂದರೆ ಸಾಮಾನ್ಯವಾಗಿ ಅಲ್ಯುಮಿನಿಯಂ ಮಿಶ್ರಲೋಹದ ಚಕ್ರ. ಆ ಅಲ್ಯುಮಿನಿಯಂ ಅನ್ನು ಕಾಯುವುದು ಅದರ ಮೇಲಿನ ತೆಳ್ಳನೆಯ ಆಕ್ಸೈಡ್ ಪದರ. ಲ್ಯಾಕರ್ (ಚಕ್ರಕ್ಕೆ ಬಳಿದಿರುವ ಪಾರದರ್ಶಕ ರಕ್ಷಣಾ ಲೇಪ) ಕಿತ್ತುಹೋದ ಕಡೆ ಆಮ್ಲ ಆ ಪದರವನ್ನು ಕರಗಿಸಿ ನೇರ ಲೋಹವನ್ನೇ ತಿನ್ನಲು ಶುರು ಮಾಡುತ್ತದೆ, ಆಗ ಬುಸುಬುಸು ಏಳುವ ಗುಳ್ಳೆ ಕೊಳೆ ಬಿಡುತ್ತಿರುವ ಗುರುತಲ್ಲ, ಅದು ಹೈಡ್ರೋಜನ್. ಕಾಸ್ಟಿಕ್ ಸೋಡಾ ಹಾಕಿದರೂ ಇದೇ ಕಥೆ. ಟೈರ್ ಕೂರುವ ಅಂಚಿನಲ್ಲಿ ಹೀಗೆ ಗುಳಿ ಬಿದ್ದರೆ ಗಾಳಿ ನಿಧಾನವಾಗಿ ಸೋರುತ್ತದೆ, ಪಂಕ್ಚರ್ ಹುಡುಕಿದರೆ ಸಿಗುವುದಿಲ್ಲ.

ಆ ಕಪ್ಪು ಕರೆ ಬರೀ ಮಣ್ಣಲ್ಲ. ಬ್ರೇಕ್ ಡಿಸ್ಕ್, ಪ್ಯಾಡ್‌ಗಳಿಂದ ಬಿಸಿಯಾಗಿ ಹಾರಿ ಅಂಟಿದ ಕಬ್ಬಿಣದ ಕಣ ಅದರಲ್ಲಿ ಜಾಸ್ತಿ. ಅದಕ್ಕೆಂದೇ ಪಿಎಚ್ 7ರ ಆಸುಪಾಸಿನ, ಅಂದರೆ ಹೆಚ್ಚು ಆಮ್ಲವೂ ಅಲ್ಲದ ಹೆಚ್ಚು ಕ್ಷಾರವೂ ಅಲ್ಲದ, ಐರನ್ ರಿಮೂವರ್ ಸಿಗುತ್ತದೆ. ಚಕ್ರ ಪೂರ್ತಿ ತಣ್ಣಗಾದ ಮೇಲೆ, ನೆರಳಲ್ಲಿ, ಗ್ಲೌಸ್ ಹಾಕಿಕೊಂಡು ಸಿಂಪಡಿಸಿ. ಕಬ್ಬಿಣ ಇದ್ದಲ್ಲಿ ನೇರಳೆ ಬಣ್ಣ ಇಳಿಯುತ್ತದೆ, ಕೊಳೆತ ಮೊಟ್ಟೆಯಂಥ ವಾಸನೆಯೂ ಬರುತ್ತದೆ. ಒಣಗುವ ಮೊದಲೇ ಮೆತ್ತನೆ ಬ್ರಷ್‌ನಿಂದ ಉಜ್ಜಿ ತೊಳೆಯಿರಿ. ಚಕ್ರ ಅದುರದೆ ತಿರುಗಲೆಂದು ಒಳಗೆ ಅಂಟಿಸಿರುವ ಬ್ಯಾಲೆನ್ಸ್ ತೂಕಗಳನ್ನು ಮಾತ್ರ ಕೀಳಬೇಡಿ.

ಲ್ಯಾಕರ್ ಅಡಿಯಲ್ಲಿ ಆಗಲೇ ಬಿಳಿ ಪುಡಿ ಎದ್ದಿದ್ದರೆ ಯಾವ ದ್ರವವೂ ಅದನ್ನು ಸರಿ ಮಾಡಲ್ಲ. ಉಜ್ಜಿ, ಪ್ರೈಮರ್ ಹೊಡೆದು, ಮತ್ತೆ ಲ್ಯಾಕರ್ ಹಾಕಿಸಬೇಕು.