ಜಡ್ಜಿಗೆ ಓಟು ಬೇಡ, ಕಡತಕ್ಕೆ ತಾರೀಕು ಬೇಕು

ನಾನಿರುವ ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ರಾಜ್ಯದ ಅತ್ಯುನ್ನತ ನ್ಯಾಯಾಲಯದ ಏಳು ನ್ಯಾಯಮೂರ್ತಿಗಳನ್ನು ಜನರೇ ಓಟು ಹಾಕಿ ಆರಿಸುತ್ತಾರೆ, ಒಬ್ಬೊಬ್ಬರಿಗೆ ಹತ್ತು ವರ್ಷದ ಅವಧಿ. ಇಲ್ಲಿನ ಪೌರತ್ವ ಬಂದ ಮೇಲೆ ನಾನೂ ಹಾಕಿದ್ದೇನೆ. ಹಿರಿಯೂರಿನ ಚಿಕ್ಕಪ್ಪನಿಗೆ ಇದನ್ನು ಹೇಳಿದರೆ ನಂಬಲೇ ಇಲ್ಲ. "ಜಡ್ಜ್ ಸಾಹೇಬ್ರು ಮನೆ ಮುಂದೆ ಬಂದು ಕೈ ಮುಗೀತಾರೇನೋ?" ಅಂದರು. ಕೈ ಮುಗಿಯುವುದಿಲ್ಲ. ಟೀವಿ ಜಾಹೀರಾತಿನಲ್ಲಿ ಬರುತ್ತಾರೆ, ಅವರ ಕರಪತ್ರಗಳಿಂದ ಅಂಚೆಡಬ್ಬಿ ತುಂಬುತ್ತದೆ.

ಓಟಿನ ಫಲ ಕಣ್ಣಿಗೆ ಕಾಣುವಷ್ಟು ಹತ್ತಿರದಲ್ಲೇ ಬಂತು. 2022ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಗರ್ಭಪಾತದ ಹಕ್ಕನ್ನು ತೆಗೆದುಹಾಕಿದಾಗ ಇಲ್ಲಿ ಗರ್ಭಪಾತ ನಿಷೇಧಿಸುವ 1849ರ ಒಂದು ಹಳೆಯ ಕಾನೂನು ಮತ್ತೆ ಎದ್ದು ಕೂತಿತು. ಆಸ್ಪತ್ರೆಗಳು ಹೆದರಿ ಸೇವೆ ನಿಲ್ಲಿಸಿದವು. 2023ರ ಏಪ್ರಿಲ್‌ನಲ್ಲಿ ರಾಜ್ಯದ ಕೋರ್ಟಿನ ಚುನಾವಣೆಯಲ್ಲಿ ಉದಾರವಾದಿ ಜಾನೆಟ್ ಪ್ರೊಟಸೇವಿಚ್ ಗೆದ್ದು ಅಲ್ಲಿನ ಬಹುಮತ ಬದಲಾಯಿತು. 2025ರ ಜುಲೈನಲ್ಲಿ ಆ ರಾಜ್ಯ ಕೋರ್ಟ್ 4–3ರಲ್ಲಿ ಆ ಕಾನೂನು ಊರ್ಜಿತವಲ್ಲ ಎಂದಿತು. ನಡುವೆ ಶಾಸನಸಭೆಯ ಕ್ಷೇತ್ರಗಳ ಗಡಿಗಳನ್ನೂ ಹೊಸದಾಗಿ ಬರೆಸಿತು. ಒಂದು ಕುರ್ಚಿ ಬದಲಾದದ್ದಕ್ಕೆ ಇಷ್ಟೆಲ್ಲ.

ಹಾಗಂತ ಈ ಪದ್ಧತಿ ನಮಗೂ ಬರಲಿ ಎನ್ನಲಾರೆ. 2025ರ ಚುನಾವಣೆಗೆ ಒಂದೇ ಒಂದು ಸ್ಥಾನಕ್ಕಾಗಿ ಸುಮಾರು 10 ಕೋಟಿ ಡಾಲರ್ ಸುರಿಯಿತು. ಉದ್ಯಮಿ ಎಲಾನ್ ಮಸ್ಕ್ ಇಲ್ಲಿನ ಗ್ರೀನ್ ಬೇ ಊರಿಗೆ ಬಂದು ಇಬ್ಬರು ಮತದಾರರಿಗೆ ತಲಾ ಹತ್ತು ಲಕ್ಷ ಡಾಲರ್ ಚೆಕ್ ಕೊಟ್ಟರು. ನಮ್ಮ ಕಡೆ ಕುಕ್ಕರ್ ಹಂಚುವುದನ್ನು ನೋಡಿ ನಗುವವರು ಇದನ್ನೊಮ್ಮೆ ನೋಡಬೇಕಿತ್ತು. ಅವರು ಬೆಂಬಲಿಸಿದವರು ಸೋತರು ಎಂಬುದು ನನಗೆ ಅಷ್ಟೇನೂ ಸಮಾಧಾನ ತರಲಿಲ್ಲ. ಗೆದ್ದವರಿಗೂ ದುಡ್ಡು ಕಡಿಮೆಯೇನೂ ಹರಿದಿರಲಿಲ್ಲ.

ಚಿಕ್ಕಪ್ಪನ ಕಥೆ ಇದಕ್ಕೆ ತದ್ವಿರುದ್ಧ. ಕಾಲುವೆಗೆ ಹೋದ ಜಮೀನಿಗೆ ಪರಿಹಾರ ಸಾಲದೆಂದು ಅವರ ಮೇಲ್ಮನವಿ ಹೈಕೋರ್ಟಿನಲ್ಲಿದೆ. 2008ರಲ್ಲಿ ಧಾರವಾಡಕ್ಕೆ ಪೀಠ ಬಂದರೂ ಚಿತ್ರದುರ್ಗ, ದಾವಣಗೆರೆ ಎರಡೂ ಇಂದಿಗೂ ಬೆಂಗಳೂರಿಗೇ ಹೋಗಬೇಕು. ತಾಲ್ಲೂಕು ಕಚೇರಿಯ ಜವಾನನ ತನಕ ಎಲ್ಲರೂ ಅವರಿಗೆ ಗೊತ್ತು. ಕೇಸು ಕೇಳುವ ನ್ಯಾಯಮೂರ್ತಿಯ ಹೆಸರು ಮಾತ್ರ ಗೊತ್ತಿಲ್ಲ. "ವಕೀಲ್ರು ಒಳ್ಳೆ ಬೆಂಚ್ ಬರ್ಲಿ, ಆಗ ತೆಗೆಸೋಣ ಅಂತಾರೆ" ಎನ್ನುತ್ತಾರೆ. ಆ ಬೆಂಚ್ ಎಲ್ಲಿಂದ ಬರುತ್ತದೆ ಎಂದು ಅವರೂ ಕೇಳಿಲ್ಲ, ಯಾರೂ ಹೇಳಿಯೂ ಇಲ್ಲ. ನಲವತ್ತೈದಕ್ಕೆ ನೇಮಕವಾದವರು ಅರವತ್ತೆರಡರವರೆಗೆ, ಅಂದರೆ ಹದಿನೇಳು ವರ್ಷ ರಿಟ್, ಜಾಮೀನು, ಪಿಂಚಣಿ, ಪರಿಹಾರ ಎಲ್ಲವನ್ನೂ ತೀರ್ಮಾನಿಸುತ್ತಾರೆ. ಮೂರು ವಿಧಾನಸಭೆಗಳ ಆಯುಸ್ಸು ಅದರೊಳಗೆ ಮುಗಿದುಹೋಗುತ್ತದೆ.

ನ್ಯಾಯಮೂರ್ತಿಗಳ ನೇಮಕವನ್ನು ಸರ್ಕಾರದ ಕೈಗೆ ಕೊಟ್ಟುಬಿಡಿ ಎನ್ನುವವರಿಗೆ ತುರ್ತುಪರಿಸ್ಥಿತಿಯನ್ನು ನೆನಪಿಸಬೇಕು. ಬೆಂಗಳೂರಿನಲ್ಲಿ ಬಂಧಿತರಾಗಿದ್ದ ವಾಜಪೇಯಿ, ಅಡ್ವಾಣಿ ನಮ್ಮ ಹೈಕೋರ್ಟಿಗೇ ಹೋಗಿದ್ದರು. ದೇಶದ ಒಂಬತ್ತು ಹೈಕೋರ್ಟುಗಳು ಬಂಧಿತರ ಅರ್ಜಿಯನ್ನು ಕೇಳಬಹುದು ಎಂದವು. 1976ರಲ್ಲಿ ಸುಪ್ರೀಂ ಕೋರ್ಟ್ 4–1ರಲ್ಲಿ ಅದನ್ನು ತಳ್ಳಿಹಾಕಿತು. ಅದೇ ವರ್ಷ ದೇಶದಲ್ಲಿ ಹದಿನಾರು ಹೈಕೋರ್ಟ್ ನ್ಯಾಯಮೂರ್ತಿಗಳನ್ನು ಸರ್ಕಾರ ವರ್ಗ ಮಾಡಿತು. ನಮ್ಮ ಹೈಕೋರ್ಟಿನ ಡಿ.ಎಂ. ಚಂದ್ರಶೇಖರ್ ಅಲಹಾಬಾದಿಗೆ, ಸದಾನಂದಸ್ವಾಮಿ ಗುವಾಹಟಿಗೆ ಹೋಗಬೇಕಾಯಿತು. 1976ರ ತೀರ್ಪನ್ನು ವಿಧಿವತ್ತಾಗಿ ರದ್ದು ಮಾಡಲು 2017 ಬರಬೇಕಾಯಿತು. ರದ್ದಾದದ್ದು ಖಾಸಗಿತನದ ಹಕ್ಕಿನ ಪ್ರಕರಣದಲ್ಲಿ. ಅದರ ಅರ್ಜಿದಾರರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ.

ಹೀಗಾಗಿ 2015ರಲ್ಲಿ, ನೇಮಕದಲ್ಲಿ ಸರ್ಕಾರಕ್ಕೂ ಪಾಲು ಕೊಡುತ್ತಿದ್ದ ನ್ಯಾಯಾಂಗ ನೇಮಕಾತಿ ಆಯೋಗವನ್ನು ಸುಪ್ರೀಂ ಕೋರ್ಟ್ ರದ್ದು ಮಾಡಿದ್ದಕ್ಕೆ ನನ್ನ ತಕರಾರಿಲ್ಲ. ತಕರಾರಿರುವುದು ಉಳಿದುಕೊಂಡ ಕೊಲಿಜಿಯಂನ, ಅಂದರೆ ಹೆಸರು ಆರಿಸುವ ಹಿರಿಯ ನ್ಯಾಯಮೂರ್ತಿಗಳ ಗುಂಪಿನ, ಗುಟ್ಟಿನ ಬಗ್ಗೆ, ಅದಕ್ಕಿಂತ ಹೆಚ್ಚಾಗಿ ದೆಹಲಿಯಲ್ಲಿ ಕೇಂದ್ರ ಸರ್ಕಾರದ ಬಳಿ ಆ ಹೆಸರುಗಳ ಕಡತ ಮಲಗುವ ಬಗ್ಗೆ. ಕೊಲಿಜಿಯಂ ಎರಡನೇ ಸಲ ಒತ್ತಿ ಹೇಳಿದ ಹೆಸರನ್ನು ಸರ್ಕಾರ ಮೂರು ನಾಲ್ಕು ವಾರದಲ್ಲಿ ನೇಮಿಸಬೇಕೆಂದು 2021ರಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ. ಆದರೂ 2019ರಲ್ಲಿ ಶಿಫಾರಸಾದ ಕರ್ನಾಟಕದ ವಕೀಲರೊಬ್ಬರ ಹೆಸರನ್ನು 2023ರ ಜನವರಿಯಲ್ಲಿ ಮತ್ತೆ ಒತ್ತಿ ಹೇಳಬೇಕಾಯಿತು. ಮೊದಲ ಸಲ ಬೇಡವೆಂದರೆ ಸರ್ಕಾರ ಕಾರಣ ಬರೆದು ವಾಪಸು ಕಳಿಸಬಹುದು, ಸುಮ್ಮನಿರುವುದಕ್ಕೆ ಮಾತ್ರ ಯಾರೂ ಉತ್ತರ ಕೊಡಬೇಕಿಲ್ಲ.

ದಾವಣಗೆರೆ, ಚಿತ್ರದುರ್ಗದ ವಕೀಲರ ಸಂಘಗಳು ಪೀಠ ಹತ್ತಿರಕ್ಕೆ ಬರಲಿ ಎಂದು ಕೇಳುವ ಜತೆಗೆ ಇದನ್ನೂ ಕೇಳಬೇಕು: ಹೆಸರು ಬೆಂಗಳೂರಿನಿಂದ ಹೊರಟ ದಿನ, ದೆಹಲಿ ತಲುಪಿದ ದಿನ, ಈಗ ಯಾರ ಮೇಜಿನ ಮೇಲಿದೆ, ಎಲ್ಲ ಪ್ರಕಟವಾಗಲಿ. ಹೆಸರು ಬಯಲಾಗಿ ಆಯ್ಕೆಯಾಗದಿದ್ದರೆ ಆ ವಕೀಲರ ವೃತ್ತಿಗೆ ಪೆಟ್ಟು ಎನ್ನುತ್ತಾರೆ. ಆ ಮಾತಿನಲ್ಲಿ ನಿಜವಿದೆ. ಹಾಗಾದರೆ ಹೆಸರು ಮುಚ್ಚಿಡಿ, ತಾರೀಕುಗಳನ್ನು ಮಾತ್ರ ಕೊಡಿ. ಅಷ್ಟಕ್ಕೆ ಯಾವ ತಿದ್ದುಪಡಿಯೂ ಬೇಕಿಲ್ಲ.