ಆಸ್ಪತ್ರೆ ಹಲವು, ಕಚೇರಿ ಒಂದೇ ಸಾಕೆ?

ದಕ್ಷಿಣ ಕನ್ನಡದ ಸರ್ಕಾರಿ ಆಸ್ಪತ್ರೆಗಳ ಲೆಕ್ಕಪತ್ರ, ಖರೀದಿ, ವೇತನ ಬಿಲ್ಲು, ಹೊರಗುತ್ತಿಗೆ ಟೆಂಡರ್ ಎಲ್ಲವನ್ನೂ ಜಿಲ್ಲೆಗೊಂದೇ ಆಡಳಿತ ಕಚೇರಿಗೆ ವಹಿಸಿದರೆ ಹಣ ಉಳಿದೀತೇ? ಉಳಿದರೂ ಹಾಗೆ ಮಾಡಬೇಕೇ?

ಪರ: ಒಂದೇ ಕಡತವನ್ನು ಆರು ಕಡೆ ಬರೆಯುವುದೇಕೆ?

ಮಂಗಳೂರಿನ ಹಂಪನಕಟ್ಟೆಯಲ್ಲಿ ವೆನ್ಲಾಕ್ ಜಿಲ್ಲಾಸ್ಪತ್ರೆಯಿಂದ ಲೇಡಿಗೋಷನ್ ಹೆರಿಗೆ ಆಸ್ಪತ್ರೆಗೆ ನಡೆದೇ ಹೋಗಬಹುದು. ಎರಡೂ ಸರ್ಕಾರದ್ದೇ. ಆದರೆ ಅಧೀಕ್ಷಕರು ಬೇರೆ, ಕಚೇರಿ ಬೇರೆ, ಆಸ್ಪತ್ರೆಯ ಸ್ಥಳೀಯ ನಿಧಿ ನೋಡಿಕೊಳ್ಳುವ ಆರೋಗ್ಯ ರಕ್ಷಾ ಸಮಿತಿಯೂ ಬೇರೆ.

ಒಂದು ಸಣ್ಣ ಖರೀದಿ ಹೇಗೆ ನಡೆಯುತ್ತದೆ ನೋಡಿ. ವಾರ್ಡಿನಿಂದ ಬೇಡಿಕೆ ಬರುತ್ತದೆ. ಗುಮಾಸ್ತರು ಟಿಪ್ಪಣಿ ಬರೆದು ಮೂರು ಕೊಟೇಷನ್ ತರಿಸುತ್ತಾರೆ, ದರಪಟ್ಟಿ ತಾಳೆ ನೋಡುತ್ತಾರೆ, ಸಹಿಗೆ ಕಡತ ಮಂಡಿಸುತ್ತಾರೆ. ಮಾಲು ಬಂದ ಮೇಲೆ ದಾಸ್ತಾನು ವಹಿಯಲ್ಲಿ ನಮೂದು, ಬಿಲ್ಲು ಪಾವತಿ, ವರ್ಷದ ಕೊನೆಗೆ ಆಡಿಟ್ ಆಕ್ಷೇಪಣೆಗೆ ಉತ್ತರ. ಅದೇ ಕೈಗವಸು, ಅದೇ ಫಿನಾಯಿಲ್‌ಗಾಗಿ ಬಂಟ್ವಾಳ, ಪುತ್ತೂರು, ಬೆಳ್ತಂಗಡಿ, ಸುಳ್ಯದಲ್ಲೂ ಇದೇ ಕೆಲಸ. ತಾಲೂಕು ಆಸ್ಪತ್ರೆಯಲ್ಲಿ ಇದನ್ನೆಲ್ಲ ಬಲ್ಲ ಗುಮಾಸ್ತರು ಒಬ್ಬಿಬ್ಬರು ಸಿಕ್ಕರೆ ದೊಡ್ಡದು. ಅವರಿಗೆ ವರ್ಗವಾದರೆ ಕಡತ ಅಲ್ಲೇ ಕೂರುತ್ತದೆ. ಕೊನೆಗೆ ಸಹಿ ಹಾಕುವವರು ಆಡಳಿತ ವೈದ್ಯಾಧಿಕಾರಿ. ಹೊರರೋಗಿಗಳನ್ನು ನೋಡಬೇಕಾದವರು ಟೆಂಡರ್ ಷರತ್ತು ಓದುತ್ತ ಕೂರುವುದು ನನಗಂತೂ ಅನ್ಯಾಯವೆಂದೇ ಕಾಣುತ್ತದೆ.

ಒಟ್ಟಾಗಿ ಕೊಂಡರೆ ದರ ಇಳಿಯುತ್ತದೆ ಎಂಬುದು ಬರೀ ಊಹೆಯಲ್ಲ. ತಮಿಳುನಾಡು 1994ರಲ್ಲಿ ವೈದ್ಯಕೀಯ ಸೇವಾ ನಿಗಮ ಕಟ್ಟಿ ಇಡೀ ರಾಜ್ಯದ ಔಷಧ ಖರೀದಿಯನ್ನು ಒಂದೇ ಕಡೆ ತಂದಿತು. ಬಳಿಕ ಬೇರೆ ರಾಜ್ಯಗಳೂ ಅದನ್ನೇ ಮಾದರಿ ಮಾಡಿಕೊಂಡವು. ಜೈವಿಕ ವೈದ್ಯಕೀಯ ತ್ಯಾಜ್ಯದ 2016ರ ನಿಯಮವೂ ಇದೇ ದಾರಿಯದು: 75 ಕಿ.ಮೀ. ಒಳಗೆ ಸಾಮೂಹಿಕ ಸಂಸ್ಕರಣಾ ಘಟಕದ ಸೇವೆ ಸಿಗುವುದಾದರೆ ಆಸ್ಪತ್ರೆ ತನ್ನದೇ ಘಟಕ ಹಾಕುವಂತಿಲ್ಲ. ತ್ಯಾಜ್ಯಕ್ಕೆ ಒಪ್ಪಿದ ಹಂಚಿಕೆಯನ್ನು ಬಿಲ್ಲಿಗೆ ಒಪ್ಪಬಾರದೇಕೆ?

ಉಳಿತಾಯಕ್ಕಿಂತ ನನಗೆ ಮುಖ್ಯವಾಗಿ ಕಾಣುವುದು ಬರಬೇಕಾದ ಹಣ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಚಿಕಿತ್ಸೆ ಕೊಟ್ಟ ಸರ್ಕಾರಿ ಆಸ್ಪತ್ರೆಗೂ ಕ್ಲೇಮ್ ಹಣ ಬರುತ್ತದೆ. ಅದಕ್ಕೆ ಪೂರ್ವಾನುಮತಿ, ವರದಿ, ಬಿಡುಗಡೆ ಸಾರಾಂಶ ಎಲ್ಲವೂ ಸರಿಯಾಗಿ ಅಪ್‌ಲೋಡ್ ಆಗಬೇಕು. ಒಂದು ಕಾಗದ ತಪ್ಪಿದರೂ ಕ್ಲೇಮ್ ವಾಪಸ್. ಖಾಸಗಿ ಆಸ್ಪತ್ರೆಗಳು ಇದಕ್ಕೆಂದೇ ಪಳಗಿದ ಸಿಬ್ಬಂದಿಯನ್ನು ಇಟ್ಟುಕೊಳ್ಳುತ್ತವೆ. ಸುಳ್ಯಕ್ಕೆ ಪ್ರತ್ಯೇಕವಾಗಿ ಅಂಥವರನ್ನು ಕೊಡಲಾಗದು, ಇಡೀ ಜಿಲ್ಲೆಗೆ ಒಂದು ತಂಡ ಕೊಡಬಹುದು. ತಿರಸ್ಕೃತವಾದ ಕ್ಲೇಮನ್ನು ಬೆನ್ನುಹತ್ತಿ ಹಣ ತರುವ ತಂಡ ತನ್ನ ಸಂಬಳಕ್ಕಿಂತ ಹೆಚ್ಚು ಗಳಿಸಿಕೊಡುತ್ತದೆ ಎಂಬ ನಂಬಿಕೆ ನನಗಿದೆ. ಆ ಹಣದಿಂದ ಆಸ್ಪತ್ರೆಗೆ ಮಾನಿಟರ್ ಬರಬಹುದು, ಹಾಸಿಗೆ ಬರಬಹುದು.

ವಿರೋಧ: ದೂರದ ಕಚೇರಿಗೆ ವಾರ್ಡು ಕಾಣುವುದಿಲ್ಲ

ಜುಲೈ ತಿಂಗಳು, ಸುಳ್ಯದಲ್ಲಿ ಹಗಲು ರಾತ್ರಿ ಮಳೆ. ಕರೆಂಟ್ ಹೋಗಿದೆ, ಜನರೇಟರಿನ ಬ್ಯಾಟರಿ ಸತ್ತಿದೆ, ಹೆರಿಗೆ ಕೋಣೆಯಲ್ಲಿ ಗರ್ಭಿಣಿ ನರಳುತ್ತಿದ್ದಾಳೆ ಎಂದುಕೊಳ್ಳಿ. ಇವತ್ತಿನ ವ್ಯವಸ್ಥೆಯಲ್ಲಿ ವೈದ್ಯಾಧಿಕಾರಿ ಪೇಟೆಯ ಅಂಗಡಿಗೆ ಫೋನ್ ಮಾಡುತ್ತಾರೆ, ಪರಿಚಯದವನು ಬ್ಯಾಟರಿ ತಂದು ಕೂರಿಸುತ್ತಾನೆ, ಹಣ ಆರೋಗ್ಯ ರಕ್ಷಾ ಸಮಿತಿಯ ಖಾತೆಯಿಂದ ಹೋಗುತ್ತದೆ. ಖರೀದಿ ಅಧಿಕಾರ 80 ಕಿ.ಮೀ. ಆಚೆಯ ಮಂಗಳೂರಿಗೆ ಹೋದರೆ ಆಕೆ ಯಾರ ಸಹಿಗೆ ಕಾಯಬೇಕು?

ಇದು ಬ್ಯಾಟರಿಯೊಂದರ ಮಾತಲ್ಲ. 2019ರ ಮಳೆಗಾಲದಲ್ಲಿ ಮಂಗಳೂರಿನಲ್ಲಿ ಡೆಂಗಿ ಹರಡಿತು. ಅಂಥ ಹೊತ್ತಿನಲ್ಲಿ ಪರೀಕ್ಷಾ ಕಿಟ್ ಎಷ್ಟು ಬೇಕು, ಸೊಳ್ಳೆಪರದೆ ಎಷ್ಟು ಬೇಕು ಎಂಬುದು ಗೊತ್ತಾಗುವುದು ವಾರ್ಡಿನಲ್ಲಿರುವವರಿಗೆ. ಕಳೆದ ವರ್ಷದ ಅಂಕಿ ನೋಡಿ ಇಂಡೆಂಟ್ (ಬೇಡಿಕೆ ಪಟ್ಟಿ) ಮಂಜೂರು ಮಾಡುವ ಕಚೇರಿಗೆ ಅದು ಗೊತ್ತಾಗುವಷ್ಟರಲ್ಲಿ ಜ್ವರ ಇನ್ನೊಂದು ಬಡಾವಣೆಗೆ ದಾಟಿರುತ್ತದೆ.

ಒಂದೇ ಕಡೆ ಕೊಂಡರೆ ದರ ಇಳಿಯುವುದು ನಿಜ. ತಪ್ಪಾದರೆ ಎಲ್ಲ ಕಡೆಯೂ ಆಗುತ್ತದೆ ಎಂಬುದೂ ಅಷ್ಟೇ ನಿಜ. 2024ರ ನವೆಂಬರ್‌ನಲ್ಲಿ ಬಳ್ಳಾರಿಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ತೀರಿಕೊಂಡರು. ಸಂಶಯ ಬಿದ್ದದ್ದು ರಾಜ್ಯದ ವೈದ್ಯಕೀಯ ಸರಬರಾಜು ನಿಗಮದ ಮೂಲಕ ಬಂದ, ಡ್ರಿಪ್ ಆಗಿ ಕೊಡುವ ರಿಂಗರ್ಸ್ ಲ್ಯಾಕ್ಟೇಟ್ ದ್ರಾವಣದ ಮೇಲೆ. ಬಳಕೆಯನ್ನು ರಾಜ್ಯದಾದ್ಯಂತ ತಡೆಹಿಡಿಯಬೇಕಾಯಿತು. ಆ ತಾಯಂದಿರ ಮನೆಯವರ ಮುಂದೆ ದರ ಇಳಿದ ಲೆಕ್ಕ ಹೇಳಲಾಗುವುದಿಲ್ಲ.

ಹೊರದೇಶಗಳ ಅನುಭವವೂ ಧೈರ್ಯ ತುಂಬುವಂತಿಲ್ಲ. ನ್ಯೂಜಿಲೆಂಡ್ 2010ರಲ್ಲಿ ತನ್ನ 20 ಜಿಲ್ಲಾ ಆರೋಗ್ಯ ಮಂಡಳಿಗಳ ಆಡಳಿತ ಸೇವೆಗಳನ್ನು ಒಗ್ಗೂಡಿಸಲು ಕಂಪನಿಯೊಂದನ್ನು ಕಟ್ಟಿತು. ಐದು ವರ್ಷದಲ್ಲಿ 70 ಕೋಟಿ ನ್ಯೂಜಿಲೆಂಡ್ ಡಾಲರ್ ಉಳಿಸುವ ಗುರಿ. 2015ರ ಹೊತ್ತಿಗೆ ಆ ಕಂಪನಿಯನ್ನೇ ಮುಚ್ಚಿದರು. ಇಂಗ್ಲೆಂಡಿನಲ್ಲಿ ಸರ್ಕಾರಿ ಆರೋಗ್ಯ ವ್ಯವಸ್ಥೆಗೆ ಇಂಥದೇ ಸೇವೆ ಕೊಡುತ್ತಿದ್ದ ಸಂಸ್ಥೆಯ ಬಳಿ ರೋಗಿಗಳ ಸುಮಾರು 7 ಲಕ್ಷ ಪತ್ರ, ವರದಿಗಳು ವೈದ್ಯರಿಗೆ ತಲುಪದೆ ಉಳಿದಿದ್ದವು. 2011ರಿಂದ 2016ರವರೆಗೆ ರಾಶಿ ಬಿದ್ದ ಕಾಗದಗಳವು.

ಉಳಿಯುವ ಹಣವಾದರೂ ಎಲ್ಲಿಂದ ಬರಬೇಕು? ಸರ್ಕಾರಿ ಆಸ್ಪತ್ರೆಯ ದೊಡ್ಡ ಖರ್ಚು ವೈದ್ಯರು ಮತ್ತು ನರ್ಸ್‌ಗಳ ಸಂಬಳ, ಔಷಧಿ. ಗುಮಾಸ್ತರ ಹುದ್ದೆಗಳು ಮೊದಲೇ ಖಾಲಿ ಬಿದ್ದಿವೆ. ಇರುವವರನ್ನೂ ಎತ್ತಿದರೆ ಕೆಲಸವೇನೂ ಕಡಿಮೆಯಾಗದು, ಅದು ಸ್ಟಾಫ್ ನರ್ಸ್ ಹೆಗಲಿಗೆ ಬೀಳುತ್ತದೆ. ರಾತ್ರಿ ಪಾಳಿಯಲ್ಲಿ ಹತ್ತಾರು ರೋಗಿಗಳ ಡ್ರಿಪ್ ನೋಡಿಕೊಳ್ಳುವಾಕೆ ಕಂಪ್ಯೂಟರಿನ ಮುಂದೆ ಕೂತು ಇಂಡೆಂಟ್ ತುಂಬಬೇಕು, ಸರ್ವರ್ ಡೌನ್ ಎಂದು ಬಂದರೆ ಮತ್ತೆ ಮೊದಲಿನಿಂದ ತುಂಬಬೇಕು. ಕಚೇರಿಯ ಲೆಕ್ಕದಲ್ಲಿ ಅದು ಉಳಿತಾಯವೆಂದೇ ಕಾಣುತ್ತದೆ. ಆಕೆಗಾಗಿ ಕಾದು ಕೂತ ರೋಗಿಯ ಹೊತ್ತನ್ನು ಯಾವ ಲೆಕ್ಕಶೀರ್ಷಿಕೆಯಲ್ಲೂ ಬರೆಯುವುದಿಲ್ಲ.

ಕ್ಲೇಮ್ ತಂಡ ಬೇಕು, ಅದನ್ನು ನಾನೂ ಒಪ್ಪುತ್ತೇನೆ; ಅದನ್ನು ನಾಳೆಯೇ ಮಾಡಲಿ. ಅದಕ್ಕಾಗಿ ತಾಲೂಕು ಆಸ್ಪತ್ರೆಯ ಕೈಯಲ್ಲಿರುವ ಖರೀದಿ ಅಧಿಕಾರ ಕಿತ್ತುಕೊಳ್ಳಬೇಕಿಲ್ಲ. ಜಿಲ್ಲಾ ಕಚೇರಿ ಮಾಡಿಯೇ ತೀರುವುದಾದರೆ ಆದೇಶದಲ್ಲಿ ಎರಡು ಮಾತು ಬರೆದಿರಲಿ: ಆರೋಗ್ಯ ರಕ್ಷಾ ಸಮಿತಿಯ ಹಣ ಆಯಾ ಆಸ್ಪತ್ರೆಯ ಖಾತೆಯಲ್ಲೇ ಇರಬೇಕು, ಮತ್ತು ತುರ್ತು ಬೇಡಿಕೆಗೆ ಕಚೇರಿ ನಿಗದಿತ ಗಂಟೆಯೊಳಗೆ ಉತ್ತರಿಸದಿದ್ದರೆ ವೈದ್ಯಾಧಿಕಾರಿಯೇ ಖರೀದಿಸಬಹುದು.